ಹೊಳೆಬಾಗಿಲ ಬಿಳಿಬಟ್ಟೆ

ಗಾಜಿನ ಪೆಟ್ಟಿಗೆ ಖಾಲಿಯಾಗಿತ್ತು.

ಓಟ್ಮಾರ್ ಕೆಸ್ಲರ್ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಗಲೂ ಖಾಲಿ. ಹಿರ್ಶ್‌ಫುರ್ಟ್‌ನ ಅರ್ಧ ಊರಿಗೆ ಅಕ್ಷರ ಕಲಿಸಿ ನಿವೃತ್ತರಾದ ಮೇಷ್ಟ್ರು ಅವರು. ಈಗ ಹೊಳೆಬಾಗಿಲಿನ, ಅಂದರೆ ಹೊಳೆಯ ಕಡೆಯ ಹಳೇ ಊರಬಾಗಿಲಿನ, ಗೋಪುರದಲ್ಲಿರುವ ಮ್ಯೂಸಿಯಂ ಅವರ ಉಸಿರು. ಕಡಿದಾದ ಮರದ ಮೆಟ್ಟಿಲುಗಳನ್ನು ಹೇಗಿಳಿದರೋ ಅವರಿಗೇ ತಿಳಿಯದು. ಪೊಲೀಸ್ ಠಾಣೆಯ ಬಾಗಿಲಲ್ಲಿ ನಿಂತು ಕೂಗಿದರು.

"ಬಟ್ಟೆ ಹೋಯ್ತು! ಯುಟ್ಟಾ, ನಮ್ಮ ಬಿಳಿಬಟ್ಟೆ ಹೋಯ್ತಮ್ಮ!"

ಠಾಣಾಧಿಕಾರಿ ಯುಟ್ಟಾ ಹೆರ್ಬಿಗ್ ಕೈಯಲ್ಲಿದ್ದ ಬ್ರೆಡ್ಡನ್ನು ಕೆಳಗಿಟ್ಟಳು. ಯಾವ ಬಟ್ಟೆ ಎಂದು ಕೇಳಲಿಲ್ಲ. ನಮ್ಮೂರಲ್ಲಿ ಹಾಗೆ ಕೇಳುವವರು ಯಾರೂ ಇಲ್ಲ.

೧೯೪೫ರ ಏಪ್ರಿಲ್. ಸೋತ ಜರ್ಮನ್ ಸೈನ್ಯ ಮೈನ್ ನದಿಯ ಸೇತುವೆಯನ್ನು ಸಿಡಿಸಿ ಹಿಂದೆ ಸರಿಯುತ್ತಿತ್ತು. ಅಮೆರಿಕನ್ ಟ್ಯಾಂಕುಗಳು ದ್ರಾಕ್ಷಿತೋಟದ ದಾರಿಯಲ್ಲಿ ಬಂದು ನಿಂತಿದ್ದವು. ನದಿಯ ಮೇಲ್ದಿಕ್ಕಿನ ಊರು ಅವುಗಳ ಗುಂಡಿಗೆ ಆಗಲೇ ಬೂದಿಯಾಗಿತ್ತು. ಶರಣಾಗಲು ಬಿಳಿಬಟ್ಟೆ ತೋರಿಸಿದವರನ್ನು ನೇಣಿಗೆ ಹಾಕುತ್ತೇನೆಂದು ಊರಿನ ನಾಜಿ ಮುಖಂಡ ಗೋಡೆಗೋಡೆಗೆ ಆಜ್ಞೆ ಅಂಟಿಸಿದ್ದ. ಅಂಥ ಬೆಳಿಗ್ಗೆ ಗೋಪುರದ ಕಿಟಕಿಯಿಂದ ಒಂದು ಬಿಳಿಬಟ್ಟೆ ಇಳಿಬಿತ್ತು. ಟ್ಯಾಂಕುಗಳು ಊರಿನ ಮೇಲೆ ಗುಂಡು ಹಾರಿಸಲಿಲ್ಲ. ಊರು ಉಳಿಯಿತು. ಗೋಪುರದ ಪಕ್ಕದ ಬೇಕರಿಯ ವೆಂಡೆಲಿನ್ ಶ್ಟಾರ್ಕ್, ರಷ್ಯಾದಲ್ಲಿ ಒಂದು ಕಾಲು ಕಳೆದುಕೊಂಡು ಬಂದ ಯುವಕ, ಹುಡುಕಿಕೊಂಡು ಬಂದ ಜರ್ಮನ್ ಸೈನಿಕರ ಮುಂದೆ ನಿಂತು "ಕಟ್ಟಿದವನು ನಾನೇ" ಎಂದ. ಅವನನ್ನು ಗೋಡೆಗೆ ನಿಲ್ಲಿಸಿದ್ದರಂತೆ. ಅಷ್ಟರಲ್ಲಿ ಟ್ಯಾಂಕಿನ ಸದ್ದು ಮೇಲಿನ ಬೀದಿಗೆ ಬಂತು. ಸೈನಿಕರು ಓಡಿದರು.

ಬರುವ ಭಾನುವಾರ ಅದಕ್ಕೆ ಐವತ್ತು ವರ್ಷ. ಮೇಯರ್ ಭಾಷಣ ಬರೆಸಿಟ್ಟಿದ್ದರು. ವಾದ್ಯದವರು ಅಭ್ಯಾಸ ಮಾಡುತ್ತಿದ್ದರು. ಬಟ್ಟೆಯನ್ನು ಮತ್ತೆ ಅದೇ ಕಿಟಕಿಯಿಂದ ಇಳಿಬಿಡುವುದೆಂದು ತೀರ್ಮಾನವಾಗಿತ್ತು.

ಆ ಬಟ್ಟೆ ಈಗ ಇಲ್ಲ.

* * *

ಯುಟ್ಟಾ ಪೆಟ್ಟಿಗೆಯ ಸುತ್ತ ನಿಧಾನವಾಗಿ ಬಂದಳು. ಗಾಜು ಒಡೆದಿರಲಿಲ್ಲ. ಬೀಗ ಹಾಕಿದಂತೆಯೇ ಇತ್ತು. ಪಕ್ಕದ ಪೆಟ್ಟಿಗೆಯಲ್ಲಿ ದೋಣಿಯವರ ಸಂಘದ ಬೆಳ್ಳಿ ಬಟ್ಟಲು ಹೊಳೆಯುತ್ತಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ.

"ಕೊನೇ ಸಲ ಬಟ್ಟೆ ನೋಡಿದ್ದು ಯಾವಾಗ ಮೇಷ್ಟ್ರೇ?"

"ಭಾನುವಾರ ಸಂಜೆ. ನಾನೇ ಬೀಗ ಹಾಕ್ದೆ. ನಿನ್ನೆ ಸೋಮವಾರ ರಜಾ."

"ಬೀಗದಕೈ ಯಾರ ಹತ್ರ ಇರುತ್ತೆ?"

ಮೇಷ್ಟ್ರು ನೆಲ ನೋಡಿದರು. "ನನ್ನ ಹತ್ರ ಒಂದು ಗೊಂಚಲು. ಇನ್ನೊಂದು ಬೇಕರಿ ಹಿಂಬಾಗಿಲ ಒಳಗೆ, ಮೊಳೆಗೆ ನೇತು ಹಾಕಿರ್ತೀವಿ. ಯಾರಾದ್ರೂ ನೋಡೋಕೆ ಬಂದ್ರೆ ಅನುಕೂಲ ಆಗ್ಲಿ ಅಂತ."

"ಹಿಂಬಾಗಿಲಿಗೆ ಬೀಗ?"

"ಹಿರ್ಶ್‌ಫುರ್ಟ್‌ನಲ್ಲಿ ಯಾರಮ್ಮ ಹಿಂಬಾಗಿಲಿಗೆ ಬೀಗ ಹಾಕ್ತಾರೆ? ನಿಮ್ಮ ಲೋಯಿಬಾಖ್‌ನಲ್ಲಿ ಹಾಕ್ತಾರೇನೋ."

ಯುಟ್ಟಾ ನಕ್ಕಳು. ಅವಳು ಹುಟ್ಟಿದ್ದು ನದಿಯ ಆಚೆ ದಡದ ಲೋಯಿಬಾಖ್‌ನಲ್ಲಿ. ಮದುವೆಯಾಗಿ ಈಚೆ ಬಂದು ಹದಿನೆಂಟು ವರ್ಷವಾಗಿದ್ದರೂ ಊರಿನವರಿಗೆ ಅವಳು ಆಚೆಯವಳೇ. ನಾವು ಕ್ಯಾಥೊಲಿಕರು, ಅವರು ಪ್ರೊಟೆಸ್ಟೆಂಟರು. ಪ್ರತಿ ವಸಂತದಲ್ಲೂ ನಮ್ಮ ನೆಲಮಾಳಿಗೆಗಳಿಗೆ ನೀರು ನುಗ್ಗುವುದರಿಂದ ಅವರು ನಮ್ಮನ್ನು ಕಪ್ಪೆಗಳು ಅನ್ನುತ್ತಾರೆ. ನಾವು ಅವರನ್ನು ಈರುಳ್ಳಿಗಳು ಅನ್ನುತ್ತೇವೆ. ಕಾರಣ ಅವರ ಹೊಲ ನೋಡಿದರೆ ಗೊತ್ತಾಗುತ್ತದೆ, ಗಾಳಿ ಈಚೆಗೆ ಬೀಸಿದರೆ ನೋಡದೆಯೂ ಗೊತ್ತಾಗುತ್ತದೆ.

ಅವಳು ಬಾಗಿ ಪೆಟ್ಟಿಗೆಯ ಒಳಗೆ ನೋಡಿದಳು. ಬಟ್ಟೆಯನ್ನು ಹಿಡಿದಿದ್ದ ಗುಂಡುಸೂಜಿಗಳೆಲ್ಲ ಒಂದು ಮೂಲೆಯಲ್ಲಿ ಸಾಲಾಗಿ, ಒಂದೇ ಓರೆಯಲ್ಲಿ, ಹಾಸಿದ ಉಣ್ಣೆಗೆ ಚುಚ್ಚಿ ನಿಂತಿದ್ದವು.

"ಇದು ನೀವು ಚುಚ್ಚಿದ್ದಾ?"

"ಇಲ್ಲಪ್ಪ. ನಂಗೆ ಸೂಜಿ ಕಂಡ್ರೇ ಆಗಲ್ಲ."

"ಕಳ್ಳನಿಗೆ ಆಗುತ್ತೆ," ಎಂದಳು ಯುಟ್ಟಾ. "ಅವಸರ ಇರ್ಲಿಲ್ಲ. ಹೆದರಿಕೇನೂ ಇರ್ಲಿಲ್ಲ."

ಮೇಷ್ಟ್ರಿಗೆ ಇನ್ನೊಂದು ಸಂಕಟವಿತ್ತು. "ನಾಳೆ ವ್ಯೂರ್ಟ್ಸ್‌ಬುರ್ಗ್‌ನಿಂದ ಹಳೇ ಬಟ್ಟೆಗಳ ತಜ್ಞೆ ಬರ್ತಾರೆ. ಹೊಲಿಗೆ ಎಲ್ಲ ಬಿಚ್ಚಿ, ಬಟ್ಟೆ ಶುಚಿ ಮಾಡಿ ಕೊಡ್ತೀನಿ ಅಂದಿದ್ರು. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನಲ್ಲೇ ಎಲ್ಲರಿಗೂ ಹೇಳಿದ್ದೆ. ಈಗ ಆಯಮ್ಮನಿಗೆ ಏನಂತ ಹೇಳ್ಲಿ?"

ಯುಟ್ಟಾ ತಲೆ ಎತ್ತಿದಳು. "ಚರ್ಚಿನಲ್ಲಿ ಹೇಳಿದ್ರಾ? ಅಂದ್ರೆ ಇಡೀ ಊರಿಗೆ ಗೊತ್ತು."

* * *

ಬೇಕರಿಯಲ್ಲಿ ಮೋನಿಕಾ ಬ್ರೆಡ್ ಜೋಡಿಸುತ್ತಿದ್ದಳು. ವೆಂಡೆಲಿನ್ ಅಜ್ಜನ ಸೊಸೆ ಅವಳು. ಬೀಗದಕೈ ಮೊಳೆಯಲ್ಲೇ ನೇತಾಡುತ್ತಿತ್ತು.

"ನಿನ್ನೆ ಯಾರಾದ್ರೂ ಕೈ ತಗೊಂಡ್ರಾ?"

"ಯಾರೂ ಇಲ್ಲ."

"ಹಿತ್ತಲ ಕಡೆಗೆ ಯಾರಾದ್ರೂ ಬಂದಿದ್ರಾ?"

"ಇಲ್ಲ ಕಣೇ. ಬೆಳಿಗ್ಗೆ ಆಮ್‌ರೈನ್ ಮುದುಕಿ ನನ್ನ ಲಂಗ ಸರಿಮಾಡಿ ತಂದ್ಲು, ಬ್ರೆಡ್ ತಗೊಂಡು ಹೋದ್ಲು. ಮಧ್ಯಾಹ್ನ ಅಂಗಡಿ ಮುಚ್ಚಿ ಮಾವನ್ನ ಡಾಕ್ಟರ ಹತ್ರ ಕರ್ಕೊಂಡು ಹೋದೆ. ಸಂಜೆ ಬಂದ್ವಿ. ಯಾರೂ ಬಂದಿಲ್ಲ." ಮೋನಿಕಾ ದನಿ ತಗ್ಗಿಸಿದಳು. "ಮಾವನಿಗೆ ಈಗಷ್ಟೇ ವಿಷಯ ಹೇಳ್ದೆ. ಒಲೆ ಮುಂದೆ ಕೂತುಬಿಟ್ಟಿದಾರೆ. ಅದನ್ನ ತಿರುಗಿ ಕಿಟಕೀಲಿ ನೋಡ್ಬೇಕು ಅಂತಾನೇ ಬದುಕಿದ್ರೇನೋ ಅನ್ಸುತ್ತೆ."

ಅಂಗಡಿಯಲ್ಲಿದ್ದ ಗಿರಾಕಿಗಳಿಗೆ ಕಳ್ಳರು ಯಾರೆಂಬ ಬಗ್ಗೆ ಸಂಶಯವೇ ಇರಲಿಲ್ಲ.

"ಈರುಳ್ಳಿಗಳು!" ಎಂದರು ಮೀನುಗಾರ ಆಂಟೋನ್. "ಹೋದ ವರ್ಷ ನಮ್ಮ ದೋಣಿಸ್ಪರ್ಧೆ ಕೋಲು ಕದ್ದವರು ಅವರೇ ತಾನೇ? ಯುಟ್ಟಾ, ನಿಮ್ಮೋರನ್ನ ಹೋಗಿ ಕೇಳಮ್ಮ. ಭಾಷೆ ನಿಂಗೆ ಅರ್ಥ ಆಗುತ್ತೆ."

* * *

ಸೇತುವೆ ದಾಟಿದರೆ ಲೋಯಿಬಾಖ್. ಅಲ್ಲಿನ ಯುವಕರ ಸಂಘದ ಅಧ್ಯಕ್ಷ ಗೆರೋ ಯುಟ್ಟಾಳ ಚಿಕ್ಕಪ್ಪನ ಮಗ. ಟ್ರ್ಯಾಕ್ಟರಿನ ಕೆಳಗಿಂದ ಎಣ್ಣೆ ಮೆತ್ತಿದ ಮುಖ ಹೊರಬಂತು.

"ಅಕ್ಕಾ, ಕೋಲು ಕದ್ದಿದ್ದು ನಾವೇ. ಮಾರನೇ ದಿನ ನಮ್ಮ ಪುರಸಭೆ ಮುಂದೆ ನಿಲ್ಲಿಸಿ, ಹೂಮಾಲೆ ಹಾಕಿ, ನಿಮ್ಮೋರಿಗೆ ಫೋನ್ ಮಾಡಿದ್ವಾ ಇಲ್ವಾ? ಯಾರಿಗೂ ಹೇಳದೆ ಕದ್ರೆ ಅದ್ರಲ್ಲಿ ಏನು ಮಜಾ?"

"ಈ ಸಲ ಹೇಳೋದು ಭಾನುವಾರಕ್ಕೆ ಅಂತ ಇಟ್ಕೊಂಡಿಲ್ಲ ತಾನೇ?"

ಗೆರೋ ಎದ್ದು ಕೂತ. ಮುಖದ ನಗು ಹೋಗಿತ್ತು. "ಆ ಬಟ್ಟೆ ವಿಷಯದಲ್ಲಿ ತಮಾಷೆ ಮಾಡಲ್ಲ ಅಕ್ಕ. ಆವತ್ತು ನಮ್ಮಮ್ಮನ ಕಡೆ ಅಜ್ಜಿ ಈ ದಡದಲ್ಲಿ ನಿಂತು ಅದನ್ನ ನೋಡಿದ್ರಂತೆ. ಕಪ್ಪೆಗಳು ಬದುಕಿಕೊಂಡ್ವು ಅಂತ ಅತ್ತುಬಿಟ್ರಂತೆ. ಇದನ್ನ ನಿನ್ನ ಊರೋರಿಗೆ ಹೇಳಿಬಿಟ್ಟೀಯ, ನಮ್ಮ ಮರ್ಯಾದೆ ಹೋಗುತ್ತೆ."

ಯುಟ್ಟಾ ನಂಬಿದಳು. ಗುಂಡುಸೂಜಿ ಸಾಲಾಗಿ ಚುಚ್ಚುವ ಕೈಗಳೂ ಅವಲ್ಲ.

ಮುಂದಿನ ಹೆಸರು ಮೇಷ್ಟ್ರು ಕೊಟ್ಟದ್ದು. ವ್ಯೂರ್ಟ್ಸ್‌ಬುರ್ಗ್‌ನ ಹಳೆಯ ಸಾಮಾನಿನ ವ್ಯಾಪಾರಿ ಫೋಲ್ಕರ್ ಟ್ಸೀಗ್ಲರ್. ಯುದ್ಧಕಾಲದ ವಸ್ತುಗಳೆಂದರೆ ಅವನಿಗೆ ಹುಚ್ಚು. ಚಳಿಗಾಲದಲ್ಲಿ ಬಂದು ಬಟ್ಟೆ ಮಾರುತ್ತೀರಾ ಎಂದು ಕೇಳಿ ಉಗಿಸಿಕೊಂಡು ಹೋಗಿದ್ದ.

ಟ್ಸೀಗ್ಲರ್ ಭಾನುವಾರದಿಂದ ಮೂತ್ರಕೋಶದ ಕಲ್ಲಿಗಾಗಿ ಆಸ್ಪತ್ರೆಯಲ್ಲಿ ಮಲಗಿದ್ದ. ಮಲಗಿದ್ದಲ್ಲೇ ಕೋಪ ಮಾಡಿಕೊಂಡ.

"ನಾನು ಕೊಳ್ಳೋನು ಮೇಡಂ, ಕದಿಯೋನಲ್ಲ. ಆಮೇಲೆ ಯೋಚ್ನೆ ಮಾಡಿದೆ, ಅದನ್ನ ಕೊಳ್ಳೋದೂ ಬೇಡ ಅಂತ. ಆ ಕಥೇಲಿ ಏನೋ ಸರಿ ಇಲ್ಲ."

"ಏನು ಸರಿ ಇಲ್ಲ?"

"ಆ ಬಡ ಬೇಕರಿಯೋನು ಮನೇಲಿದ್ದ ಮೇಜುಬಟ್ಟೆ ಕಟ್ಟಿದ ಅಂತಾರೆ. ಅದು ಹೂಬಳ್ಳಿ ನೇಯ್ದ ಉತ್ತಮ ಲಿನನ್ ಬಟ್ಟೆ. ಹನ್ನೆರಡು ಜನ ಕೂರೋ ಮೇಜಿಗೆ ಹಾಸೋದು. ಅಂಥದ್ದಕ್ಕೆ ಮೂಲೇಲಿ ಹೆಸರಿನಕ್ಷರ ಕಸೂತಿ ಇರ್ಲೇಬೇಕು. ಇದ್ರಲ್ಲಿ ಆ ಮೂಲೆ ಮಡಚಿ ಹೊಲಿದಿತ್ತು. ಅದೂ ಎಂಥ ದಾರ ಅಂತೀರಿ? ಹಿಟ್ಟಿನ ಚೀಲ ಹೊಲಿಯೋ ದಾರ!"

ಯುಟ್ಟಾ ಹಿಂತಿರುಗುವ ದಾರಿಯುದ್ದಕ್ಕೂ ಕಾರನ್ನು ನಿಧಾನವಾಗಿ ಓಡಿಸಿದಳು. ಅವಳ ಅಜ್ಜಿಯೂ ಮದುವೆಗೆ ಮುಂಚೆ ಒಂದು ಪೆಟ್ಟಿಗೆ ತುಂಬ ಬಟ್ಟೆಗೆ ತನ್ನ ಹೆಸರಿನಕ್ಷರ ಕಸೂತಿ ಹಾಕಿದವಳು. ಆ ಅಕ್ಷರವನ್ನು ಹೆಂಗಸರು ತೋರಿಸಿಕೊಳ್ಳುತ್ತಿದ್ದರೇ ಹೊರತು ಮುಚ್ಚುತ್ತಿರಲಿಲ್ಲ. ಇಲ್ಲಿ ಯಾರೋ ಮುಚ್ಚಿದ್ದಾರೆ. ನಾಳೆ ಅದು ಬಿಚ್ಚಿಕೊಳ್ಳಲಿತ್ತು. ಅದಕ್ಕೇ ಬಟ್ಟೆ ಮಾಯವಾಗಿದೆ.

ಹಿಟ್ಟಿನ ಚೀಲದ ದಾರ. ಅದು ಇರುವುದು ವೆಂಡೆಲಿನ್ ಅಜ್ಜನ ಬೇಕರಿಯಲ್ಲಿ. ಆ ಅಜ್ಜನನ್ನು ಕಂಡರೆ ಅವಳಿಗೆ ತುಂಬ ಇಷ್ಟ. ಆಚೆಯವಳು ಎಂದು ಅವಳನ್ನು ಒಮ್ಮೆಯೂ ಕರೆಯದವರು ಊರಲ್ಲಿ ಅವರೊಬ್ಬರೇ.

* * *

ವೆಂಡೆಲಿನ್ ಅಜ್ಜ ಒಲೆಯ ಮುಂದೆ ಕೂತಿದ್ದರು. ಮರದ ಕಾಲು ಬೆಂಚಿಗೆ ಚಾಚಿತ್ತು.

"ಅಜ್ಜಾ, ಬಟ್ಟೆ ಮೂಲೆ ಹೊಲಿದಿದ್ದು ನೀವಾ?"

ಅಜ್ಜ ಅವಳ ಕಡೆ ತಿರುಗಿದರು. "ಹೂಂ. ಕದ್ದಿದ್ದೂ ನಾನೇ. ಬರ್ಕೋ."

ಮೋನಿಕಾ ಕೈಯಲ್ಲಿದ್ದ ತಟ್ಟೆ ಬೀಳಿಸಿದಳು.

"ಎಲ್ಲಿದೆ ಬಟ್ಟೆ?"

"ಒಲೆಗೆ ಹಾಕ್ದೆ."

"ಯಾವಾಗ ಮೇಲೆ ಹತ್ತಿದ್ರಿ?"

"ನಿನ್ನೆ ಮಧ್ಯಾಹ್ನ."

"ಮಾವಾ!" ಎಂದಳು ಮೋನಿಕಾ. "ಮಧ್ಯಾಹ್ನವೆಲ್ಲ ನನ್ನ ಜೊತೆ ಡಾಕ್ಟರ ಹತ್ರ ಇದ್ರಲ್ಲ!"

"ಹಾಗಾದ್ರೆ ಬೆಳಿಗ್ಗೆ."

"ಗುಂಡುಸೂಜಿ ಏನು ಮಾಡಿದ್ರಿ ಅಜ್ಜ?" ಯುಟ್ಟಾ ಮೆತ್ತಗೆ ಕೇಳಿದಳು.

"ಯಾವ ಗುಂಡುಸೂಜಿ?"

ಯುಟ್ಟಾ ಎದ್ದು ನಿಂತಳು. ಅಜ್ಜನ ಮರದ ಕಾಲನ್ನು ನೋಡಿದಳು. ಆ ಮೆಟ್ಟಿಲು ಎರಡು ಗಟ್ಟಿ ಕಾಲಿದ್ದವರಿಗೇ ಕಷ್ಟ. ಐವತ್ತು ವರ್ಷದ ಹಿಂದೆ ಇವರಿಗೆ ಮರದ ಕಾಲೂ ಇರಲಿಲ್ಲ. ಕಂಕುಳಲ್ಲಿ ಎರಡು ಊರುಗೋಲು ಮಾತ್ರ. ಹನ್ನೆರಡು ಜನರ ಮೇಜುಬಟ್ಟೆ ಹಿಡಿದು ಹೇಗೆ ಹತ್ತಿದರು? ನಮ್ಮೂರಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಕುಂಟುತ್ತ ಹತ್ತಿದ ಎಂದು ಹೇಳುವಾಗ ನಮಗೆಲ್ಲ ಗಂಟಲು ಕಟ್ಟುತ್ತಿತ್ತು. ಗಂಟಲು ಕಟ್ಟಿದಾಗ ಪ್ರಶ್ನೆ ಹೊರಡುವುದಿಲ್ಲ.

"ಮೋನಿಕಾ," ಎಂದಳು ಯುಟ್ಟಾ, "ನಿನ್ನ ಲಂಗ ತೋರಿಸು."

"ಏನು?"

"ಸರಿಮಾಡಿಸಿದೆಯಲ್ಲ, ಆ ಲಂಗ."

ಅಂಚಿನ ಹೊಲಿಗೆ ಕಣ್ಣಿಗೆ ಕಾಣದಷ್ಟು ಸಣ್ಣ. ಇನ್ನೂ ತೆಗೆಯದ ಎರಡು ಗುಂಡುಸೂಜಿ ಸೊಂಟಪಟ್ಟಿಯಲ್ಲಿದ್ದವು. ಅಕ್ಕಪಕ್ಕ. ಒಂದೇ ಓರೆಯಲ್ಲಿ.

ಯುಟ್ಟಾ ಟೋಪಿ ಎತ್ತಿಕೊಂಡಳು. ಹಿಂದೆ ಅಜ್ಜ ಕೂಗಿದರು. "ಕದ್ದಿದ್ದು ನಾನೇ ಅಂದ್ನಲ್ಲ! ಎಲ್ಲಿಗೆ ಹೋಗ್ತೀಯ? ಯುಟ್ಟಾ!"

* * *

ಹೊಳೆಬೀದಿಯ ಕೊನೆಯ ಮನೆ ಹೆಡ್ವಿಗ್ ಆಮ್‌ರೈನ್ ಅಜ್ಜಿಯದು. ನೀರು ಏರಿದರೆ ಮೊದಲು ನುಗ್ಗುವುದು ಅಲ್ಲಿಗೇ. ಅವರ ಗಂಡ ಕ್ಸಾವರ್ ಆಮ್‌ರೈನ್ ಅಂದಿನ ನಾಜಿ ಮುಖಂಡ. ಗೋಡೆಗೋಡೆಗೆ ಆಜ್ಞೆ ಅಂಟಿಸಿದವನೇ. ಜೈಲಿಗೆ ಹೋಗಿ ಬಂದು, ಕುಡಿದು ಕುಡಿದು ಎಂದೋ ಸತ್ತ. ಹೆಡ್ವಿಗ್ ಹರಿದ ಬಟ್ಟೆ ಹೊಲಿದುಕೊಡುತ್ತ ಬದುಕಿದರು. ಎಲ್ಲರ ಮನೆಯ ಬಟ್ಟೆ ಅವರ ಕೈಗೆ ಹೋಗಿ ಬರುತ್ತಿತ್ತು. ಯಾರ ಮನೆಯಲ್ಲೂ ಅವರಿಗೆ ಕೂರಿ ಎನ್ನುತ್ತಿರಲಿಲ್ಲ. ಚರ್ಚಿನಲ್ಲಿ ಕೊನೆಯ ಬೆಂಚು ಅವರದು. ಬಂದವರನ್ನು ಎಣಿಸುವಾಗ ನಾವು ಅವರನ್ನು ಎಣಿಸುತ್ತಲೇ ಇರಲಿಲ್ಲ.

ಬಾಗಿಲು ತೆರೆದೇ ಇತ್ತು. ಅಡುಗೆಮನೆಯಲ್ಲಿ ಅಜ್ಜಿ ಇಸ್ತ್ರಿ ಮಾಡುತ್ತಿದ್ದರು. ಮೇಜಿನ ತುಂಬ ಬಿಳಿಬಟ್ಟೆ ಹರಡಿತ್ತು. ತೊಳೆದು, ಗಂಜಿ ಹಾಕಿ, ಹಾಲಿನಂತೆ.

"ಬಾ," ಎಂದರು ಹೆಡ್ವಿಗ್ ಅಜ್ಜಿ. "ನಾಳೆ ಬೆಳಿಗ್ಗೆಯೊಳಗೆ ತಿರುಗಿ ಇಡೋಣ ಅಂತಿದ್ದೆ. ಮೇಷ್ಟ್ರು ಇವತ್ತೇ ನೋಡಿಬಿಟ್ರು."

"ಹಾಗಾದ್ರೆ ತಗೊಂಡು ಹೋಗಿದ್ದು ಯಾಕೆ ಅಜ್ಜಿ?"

ಅವರು ಒಂದು ಮೂಲೆಯನ್ನು ಎತ್ತಿ ತೋರಿಸಿದರು. ಚೀಲದ ದಾರ ಬಿಚ್ಚಿತ್ತು. ಕಸೂತಿಯ ಎಳೆಗಳನ್ನೂ ಒಂದೊಂದಾಗಿ ತೆಗೆದಾಗಿತ್ತು. ಆದರೂ ಬಟ್ಟೆಯಲ್ಲಿ ಸಣ್ಣ ಸಣ್ಣ ತೂತುಗಳು ನಿಂತು, ಎರಡು ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಒಂದು ಹೆಡ್ವಿಗ್ ಅನ್ನುವುದರ ಮೊದಲ ಅಕ್ಷರ. ಇನ್ನೊಂದು ಅವರ ತವರಿನ ಹೆಸರಿನದು.

"ಎಳೆ ತೆಗೆದ್ರೆ ಗುರುತು ಹೋಗುತ್ತೆ ಅಂದ್ಕೊಂಡೆ. ಎರಡು ಸಲ ತೊಳೆದೆ. ಹೋಗ್ಲಿಲ್ಲ."

ಹೊರಗೆ ಮರದ ಕಾಲಿನ ಸದ್ದು ಕೇಳಿಸಿತು. ಮೋನಿಕಾಳ ಭುಜ ಹಿಡಿದುಕೊಂಡು ವೆಂಡೆಲಿನ್ ಅಜ್ಜ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತರು. "ಅವಳನ್ನ ಬಿಡು ಯುಟ್ಟಾ. ನಾನೇ ಮಾಡಿದ್ದು."

"ಕೂರಿ ಅಜ್ಜ. ಇನ್ನೊಬ್ಬರ ಕೆಲಸಕ್ಕೆ ನೀವು 'ನಾನೇ' ಅಂತಿರೋದು ಇದು ಎರಡನೇ ಸಲ."

ಯುಟ್ಟಾ ಅಜ್ಜನ ಕಡೆಗೆ ಕುರ್ಚಿ ಸರಿಸಿದಳು. ಹಾಗೇ ಮುಂದುವರಿಸಿದಳು.

"ಕಳ್ಳರು ಬೆಳ್ಳಿ ಬಟ್ಟಲು ಬಿಟ್ಟು ಬಟ್ಟೆ ಮಾತ್ರ ತಗೊಂಡ್ರು. ತಜ್ಞೆ ಬರೋಕೆ ಮುಂಚೆ ತಗೊಂಡ್ರು. ಅಂದ್ರೆ ಆ ಮೂಲೇಲಿ ಇದ್ದದ್ದು ಕಾಣಬಾರ್ದಾಗಿತ್ತು. ಚೀಲದ ದಾರ ನೋಡಿ ನಿಮ್ಮ ಮೇಲೆ ಸಂಶಯ ಬಂತು ಅಜ್ಜ. ಆದ್ರೆ ನಿಮಗೆ ಗುಂಡುಸೂಜಿ ವಿಷಯಾನೇ ಗೊತ್ತಿರ್ಲಿಲ್ಲ. ಮೇಲೆ ಹತ್ತೋಕೂ ಆಗಲ್ಲ. ಆವತ್ತೂ ಆಗ್ತಿರ್ಲಿಲ್ಲ. ಸೂಜಿ ಹಾಗೆ ಚುಚ್ಚೋದು ದಿನವೂ ಹೊಲಿಯೋರು. ಬೀಗದಕೈ ಇದ್ದ ಕಡೆ ಸೋಮವಾರ ಬಂದವರು ಒಬ್ಬರೇ. ಆದ್ರೆ ಮೋನಿಕಾ ನಂಗೆ ಯಾರೂ ಬಂದಿಲ್ಲ ಅಂದ್ಲು. ನಿಮ್ಮನ್ನ ಕಂಡೂ, ಯಾರೂ ಇಲ್ಲ ಅಂದ್ಲು ಅಜ್ಜಿ."

ಮೋನಿಕಾಳ ಮುಖ ಕೆಂಪಾಯಿತು.

"ಬೆಳಿಗ್ಗೆ ಲಂಗ ಕೊಟ್ಟು ಕೈ ತಗೊಂಡೆ," ಎಂದರು ಹೆಡ್ವಿಗ್ ಅಜ್ಜಿ. "ಇವರು ಡಾಕ್ಟರ ಹತ್ರ ಹೋದಾಗ ತಿರುಗಿ ನೇತು ಹಾಕ್ದೆ."

"ಆವತ್ತು ಬಟ್ಟೆ ಇಳಿಬಿಟ್ಟಿದ್ದೂ ನೀವೇ."

ಅಜ್ಜಿ ಇಸ್ತ್ರಿಪೆಟ್ಟಿಗೆಯನ್ನು ಒಲೆಯ ಮೇಲಿಟ್ಟರು. ಉತ್ತರ ಬಂದದ್ದು ವೆಂಡೆಲಿನ್ ಅಜ್ಜನಿಂದ.

"ಇವಳು ಗೋಪುರದಿಂದ ಇಳಿದು ಬರೋದನ್ನ ನಾನು ಅಂಗಡಿ ಬಾಗಿಲಿಂದ ನೋಡ್ದೆ. ಮೇಲಿನ ಬೀದೀಲಿ ಸೈನಿಕರ ಬೂಟಿನ ಸದ್ದು. ಮನೆಗೆ ಓಡು ಅಂದೆ. ಬಂದು ಯಾರು ಅಂತ ಕೇಳಿದ್ರು. ಬಾಯಿಗೆ ಬಂದಿದ್ದು ಅದೊಂದೇ ಮಾತು. ಅರ್ಧ ಮನುಷ್ಯ ನಾನು, ಹೋದ್ರೆ ಹೋಗ್ಲಿ ಅಂದ್ಕೊಂಡೆ. ಸಂಜೆ ಊರೋರು ಬಟ್ಟೆ ಇಳಿಸಿ ನಂಗೆ ತಂದುಕೊಟ್ರೆ ಅದ್ರಲ್ಲಿ ಇವಳ ಅಕ್ಷರ! ಗಂಡ ಇನ್ನೂ ಪಿಸ್ತೂಲು ಇಟ್ಕೊಂಡು ಕಾಡಿನಲ್ಲಿದ್ದ. ಕೈಗೆ ಸಿಕ್ಕಿದ ದಾರದಲ್ಲಿ ಮೂಲೆ ಮುಚ್ಚಿದೆ. ಅವನು ಸತ್ತ ಮೇಲೆ ನಿಜ ಹೇಳ್ತೀನಿ ಅಂತ ಇವಳ ಹತ್ರ ಬಂದೆ. ಬಾಗಿಲು ಹಾಕಿಬಿಟ್ಲು."

"ಯಾಕೆ ಅಜ್ಜಿ?" ಮೋನಿಕಾ ಕೇಳಿದಳು. ಅವಳ ದನಿ ಬೇರೆಯಾಗಿತ್ತು.

ಹೆಡ್ವಿಗ್ ಅಜ್ಜಿ ಬಟ್ಟೆಯ ಮೇಲೆ ಕೈಯಾಡಿಸಿದರು.

"ಈ ಬಟ್ಟೆ ಹಾಸಿದ ಮೇಜಿನ ಸುತ್ತ ನನ್ನ ಗಂಡ, ಅವನ ಪಕ್ಷದೋರೆಲ್ಲ ಕೂರೋರು. ಯಹೂದಿ ದನದ ವ್ಯಾಪಾರಿ ಲಾಜರ್ ಬ್ಲುಮ್ ಅವರನ್ನ, ಹೆಂಡ್ತಿ ಮಕ್ಕಳನ್ನ ಸಾವಿನ ಶಿಬಿರದ ರೈಲು ಹತ್ತಿಸೋ ಮುಂಚೆ, ಅವರ ಮನೆ ಯಾರಿಗೆ, ಪಿಯಾನೋ ಯಾರಿಗೆ ಅಂತ ಇಲ್ಲೇ ಹಂಚಿಕೊಂಡ್ರು. ನಾನು ಸೂಪು ಬಡಿಸ್ದೆ. ಇನ್ನೂ ಸ್ವಲ್ಪ ಹಾಕ್ಲಾ ಅಂತ ಕೇಳ್ದೆ. ಬ್ಲುಮ್ ಹೆಂಡ್ತಿ ರೋಸಾ ನನ್ನ ಜೊತೆ ಇದೇ ಹೊಳೇಲಿ ಈಜು ಕಲಿತವಳು. ಒಂದು ಬೆಳಿಗ್ಗೆ ಮೆಟ್ಟಿಲು ಹತ್ತಿದ್ದಕ್ಕೆ ಜನ ನಂಗೆ ಹಾರ ಹಾಕಿದ್ರೆ, ನಾನು ಹಾಕಿಸ್ಕೊಳ್ಳಲಾ?" ಅವರು ವೆಂಡೆಲಿನ್ ಅಜ್ಜನ ಕಡೆ ತಿರುಗಿದರು. "ಇವನು ಸಾಯೋಕೆ ನಿಂತವನು. ಹಾರ ಇವನಿಗೆ ಸಲ್ಲಬೇಕಾದ್ದೇ. ಈ ವಯಸ್ಸಲ್ಲಿ, ಎಲ್ಲರ ಮುಂದೆ, ಇವನನ್ನ ಸುಳ್ಳುಗಾರ ಅನ್ನೋದು ಬೇಡ ಅಂತ ತಗೊಂಡೆ. ಅಷ್ಟೇ. ಬರ್ಕೋ."

ಯುಟ್ಟಾ ಏನನ್ನೂ ಬರೆದುಕೊಳ್ಳಲಿಲ್ಲ.

"ಐವತ್ತು ವರ್ಷ ಇವಳ ಹಾರ ನಾನು ಹೊತ್ತಿದೀನಿ," ಎಂದರು ವೆಂಡೆಲಿನ್ ಅಜ್ಜ. "ಪ್ರತಿ ಏಪ್ರಿಲ್‌ನಲ್ಲೂ ಕತ್ತು ನೋಯುತ್ತೆ ಹೆಡ್ವಿಗ್. ಇಳಿಸಿಬಿಡೇ."

* * *

ಭಾನುವಾರ ಬಟ್ಟೆ ಗೋಪುರದಿಂದ ಇಳಿಬಿತ್ತು. ಮೂಲೆಯ ಅಕ್ಷರಗಳು ಬಿಸಿಲಿಗೆ ಕಾಣುತ್ತಿದ್ದವು. ವೆಂಡೆಲಿನ್ ಅಜ್ಜ ವೇದಿಕೆ ಹತ್ತಿ, ಬರೆದುಕೊಟ್ಟ ಭಾಷಣವನ್ನು ಜೇಬಿನಲ್ಲಿಟ್ಟುಕೊಂಡು, ಇದ್ದದ್ದನ್ನು ಇದ್ದಹಾಗೆ ಹೇಳಿದರು. ಮೇಜಿನ ಕಥೆಯನ್ನೂ ಹೇಳಿದರು. ಅದನ್ನು ಬಿಟ್ಟು ಹೇಳುವುದಾದರೆ ಹೇಳಲೇಬೇಡ ಎಂದು ಹೆಡ್ವಿಗ್ ಅಜ್ಜಿ ಷರತ್ತು ಹಾಕಿದ್ದರು.

ವಾದ್ಯದವರು ಯಾವಾಗ ನುಡಿಸಬೇಕೆಂದು ತಿಳಿಯದೆ ಕೂತುಬಿಟ್ಟರು. ಜನ ಒಬ್ಬೊಬ್ಬರಾಗಿ ಟೋಪಿ ತೆಗೆದರು. ಆಚೆ ದಡದಿಂದ ಬಂದಿದ್ದ ಗೆರೋ ಮತ್ತು ಅವನ ಸಂಗಡಿಗರೂ ಟೋಪಿ ತೆಗೆದು ನಿಂತಿದ್ದರು. ಮೋನಿಕಾ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಹಿಂದೆ ಗೋಡೆಗೆ ಒರಗಿದ್ದ ಹೆಡ್ವಿಗ್ ಅಜ್ಜಿಯ ಕೈ ಹಿಡಿದು ಮುಂದೆ ಕರೆತಂದಳು.

ಮೇಯರ್ ಯುಟ್ಟಾಳನ್ನು ಪಕ್ಕಕ್ಕೆ ಕರೆದರು. "ಕಳ್ಳತನದ ಕೇಸು ಏನಾಯ್ತು?"

"ತನ್ನ ಮೇಜುಬಟ್ಟೆ ತಾನೇ ತಗೊಂಡು ಹೋಗಿ ಒಗೆದವರ ಮೇಲೆ ಯಾವ ಕೇಸು ಹಾಕ್ಲಿ, ನೀವೇ ಹೇಳಿ."

ಮೇಯರ್ ತಲೆ ಆಡಿಸಿದರು. ಆಮೇಲೆ ಹೆಡ್ವಿಗ್ ಅಜ್ಜಿಯ ಮುಂದೆ ಬಂದು ನಿಂತರು. ಅವರ ತಾತನೂ ಆ ಮೇಜಿಗೆ ಕೂತವನೇ. ಪಿಯಾನೋ ಇಂದಿಗೂ ಅವರ ಮನೆಯಲ್ಲಿತ್ತು. ಅದು ಬ್ಲುಮ್ ಅವರದೆಂದು ಅವರು ತಿಳಿದದ್ದು ಅಂದೇ, ವೆಂಡೆಲಿನ್ ಅಜ್ಜನ ಮಾತಿನಿಂದಲೇ. ಮುಖ ಬಿಳಿಚಿತ್ತು.

"ಅಜ್ಜಿ, ಪೆಟ್ಟಿಗೆ ಕೆಳಗೆ ಹೊಸ ಫಲಕ ಹಾಕ್ಬೇಕು. ಆ ಮೇಜಿನಲ್ಲಿ ಯಾರ್ಯಾರು ಕೂತಿದ್ರು ಅಂತಾನೂ ಬರೀಬೇಕಾ?"

"ಬರೀಬೇಕು."

"ಎಲ್ಲರ ಹೆಸರೂ?"

"ಎಲ್ಲರದ್ದೂ. ಮೊದಲು ನನ್ನದು ಬರಿ, ಮಗ. ಸೂಪು ಬಡಿಸಿದವಳು ಅಂತ."

ಮೇಯರ್ ಜೇಬಿನಿಂದ ಪೆನ್ನು ತೆಗೆದರು. ಬರೆಯಲು ಕಾಗದ ಸಿಗದೆ, ಓದದೇ ಉಳಿದ ತಮ್ಮ ಭಾಷಣವನ್ನು ತಿರುಗಿಸಿ, ಅದರ ಬೆನ್ನಿನ ಮೇಲೆ ಬರೆದುಕೊಂಡರು.